ಆರುನೂರು ಟೋಪಿಗೆ ಒಂದೇ ಮೂಗು

ಬೆಳಗಿನ ಆರು ಗಂಟೆ. ಕಾರ್ಖಾನೆಯ ಬಾಗಿಲು ಇನ್ನೂ ಅರ್ಧವೇ ತೆರೆದಿದೆ, ಹೊಲಿಗೆ ಯಂತ್ರಗಳೆಲ್ಲ ಮುಸುಕು ಹೊದ್ದು ಮಲಗಿವೆ. ಮೂಡಣ ಕಿಟಕಿಯ ಕೆಳಗೆ ಹೆಂಗಸೊಬ್ಬರು ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ತಲೆಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ಏರಿಸಿಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಕಡ್ಡಿ ಗೀರುತ್ತಾರೆ. ಬಲಗೈಯ ಚಿಮುಟದಲ್ಲಿ ಹಿಡಿದ ಒಂದೇ ಒಂದು ಎಳೆಯನ್ನು ಉರಿಗೆ ತೋರಿಸುತ್ತಾರೆ. ಚುರ್ ಅನ್ನುವಷ್ಟರಲ್ಲಿ ಕಡ್ಡಿ ಬಕೆಟ್ಟಿಗೆ ಬೀಳುತ್ತದೆ, ಮೂಗು ಮುಂದಕ್ಕೆ ಬರುತ್ತದೆ. ಕಣ್ಣು ಮುಚ್ಚಿ ಒಂದು ಉಸಿರು. ಆಮೇಲೆ ಪುಸ್ತಕದಲ್ಲಿ ಒಂದು ಗೀಟು.

ಇವರೇ ಕಡ್ಡಿಯಕ್ಕ. ಹೆಸರು ಕೇಳಿ ಸಣಕಲು ಹೆಂಗಸನ್ನು ಹುಡುಕುತ್ತ ಬಂದವರು ಅವರ ಮುಂದೆಯೇ ಎರಡು ಸಲ ಹಾದುಹೋಗಿ ವಾಪಸು ಬರಬೇಕಾಗುತ್ತದೆ. ಅಕ್ಕ ಕೂತರೆ ಕುರ್ಚಿ ಕಾಣುವುದಿಲ್ಲ. ಇಲ್ಲಿ ಕಡ್ಡಿ ಅಂದರೆ ಬೆಂಕಿಕಡ್ಡಿ. ದಿನಕ್ಕೊಂದು ಪೊಟ್ಟಣ ಖಾಲಿ ಮಾಡುವುದರಿಂದ ಅಂಟಿಕೊಂಡ ಬಿರುದು ಅದು. ಈಗ ಅವರ ಗಂಡನೂ ಹಾಗೇ ಕರೆಯುತ್ತಾರೆ.

ಕಾರ್ಖಾನೆಯಲ್ಲಿ ತಯಾರಾಗುವುದು ಚಳಿಗಾಲದ ಕೋಟುಗಳು. ಪ್ರತಿ ಕೋಟಿನ ಒಳಮೈಗೆ ಹೆಬ್ಬೆರಳಗಲದ ಒಂದು ಲೇಬಲ್ ಹೊಲಿದಿರುತ್ತದೆ: 'ಈ ಉಡುಪಿಗಾಗಿ ಯಾವ ಪ್ರಾಣಿಗೂ ನೋವಾಗಿಲ್ಲ.' ಅಂಗಡಿಯಲ್ಲಿ ಕೋಟು ತೊಟ್ಟು ಕನ್ನಡಿಯ ಮುಂದೆ ತಿರುಗಿ ನೋಡಿಕೊಳ್ಳುವವರಿಗೆ ಆ ಒಂದು ಸಾಲಿನ ಹಿಂದೆ ಒಂದು ಮೂಗು ಇದೆಯೆಂದು ಗೊತ್ತಿರುವುದಿಲ್ಲ. ಹೊರಗಿನಿಂದ ಬರುವ ದಾರ, ಅಸ್ತರು, ಒಳಗೆ ತುಂಬುವ ಹಿಂಜಿದ ನಾರು, ಟೋಪಿಯ ಅಂಚಿನ ತುಪ್ಪಳ, ಎಲ್ಲದರಿಂದಲೂ ಒಂದೊಂದು ಎಳೆ ಕಿತ್ತು ಸುಟ್ಟು ಮೂಸಿದ ಮೇಲೆಯೇ ಲೇಬಲ್ಲಿನ ಪೆಟ್ಟಿಗೆಯ ಬೀಗ ತೆಗೆಯುವುದು. ಬೀಗದ ಕೈ ಅಕ್ಕನ ಸೊಂಟದಲ್ಲಿದೆ.

"ಕೂದಲು, ನಮ್ಮದಾಗ್ಲಿ ಪ್ರಾಣೀದಾಗ್ಲಿ, ಸುಟ್ರೆ ಒಂದು ವಾಸನೆ, ಪ್ಲಾಸ್ಟಿಕ್ ಸುಟ್ರೆ ಇನ್ನೊಂದು ವಾಸನೆ, ಹತ್ತಿ ಸುಟ್ರೆ ಕಾಗದ ಸುಟ್ಟ ಹಾಗೆ. ಇಷ್ಟೇ ವಿದ್ಯೆ. ಇದಕ್ಕೆಲ್ಲ ಪೇಪರಿನೋರು ಯಾಕೆ ಬರ್ಬೇಕು ಅಂತ ನಂಗಂತೂ ಅರ್ಥ ಆಗ್ಲಿಲ್ಲ" ಅನ್ನುತ್ತಾರೆ ಅಕ್ಕ.

ಲೋಕದಲ್ಲಿ ಎಲ್ಲರೂ ನಕಲಿಯನ್ನು ಅಸಲಿ ಎಂದು ಮಾರಿ ಸಿಕ್ಕಿಬೀಳುತ್ತಾರೆ. ಈ ವ್ಯಾಪಾರದ ಮೋಸ ಮಾತ್ರ ತಲೆಕೆಳಗು. ಪಂಜರದಲ್ಲಿ ಕೂಡಿಹಾಕಿ ಸಾಕಿದ ಪ್ರಾಣಿಯ ಅಸಲಿ ತುಪ್ಪಳ ಕೆಲವೊಮ್ಮೆ ಒಳ್ಳೆಯ ನಕಲಿ ತುಪ್ಪಳಕ್ಕಿಂತ ಅಗ್ಗವಾಗಿ ಸಿಕ್ಕಿಬಿಡುತ್ತದೆ. ಆಗ ಯಾರೋ ಒಬ್ಬ ಪುಣ್ಯಾತ್ಮ ಅಸಲಿಗೇ 'ನಕಲಿ' ಎಂದು ಚೀಟಿ ಅಂಟಿಸಿ ಕಳಿಸುತ್ತಾನೆ. ಅಂಥ ಪುಣ್ಯಾತ್ಮರನ್ನು ಹಿಡಿಯುವುದಕ್ಕೆ ಅಕ್ಕ ಒಂಬತ್ತು ವರ್ಷಗಳಿಂದ ಕಡ್ಡಿ ಗೀರುತ್ತಿದ್ದಾರೆ. ದಿನಕ್ಕೆ ನಲವತ್ತರಿಂದ ಐವತ್ತು ಎಳೆ. ಒಟ್ಟು ಲಕ್ಷ ದಾಟಿ ಬಹಳ ದಿನವಾಯಿತು. ಲೈಟರ್ ಮುಟ್ಟುವುದಿಲ್ಲ, ಅದರ ಅನಿಲ ಮೂಗಿನಲ್ಲೇ ಕೂತುಬಿಡುತ್ತದಂತೆ.

ಈ ಮೂಗಿನ ಕಾಟ ಹೆಚ್ಚಾಗಿ ತಟ್ಟಿರುವುದು ಮನೆಯವರಿಗೆ. ಮನೆಯಲ್ಲಿ ಪರಿಮಳದ ಸೋಪಿಲ್ಲ, ಪರಿಮಳದ ಎಣ್ಣೆಯಿಲ್ಲ, ಪೌಡರಿನ ಡಬ್ಬಿಯಂತೂ ಗಡಿಪಾರಾಗಿದೆ. ಗಂಡ ಸಿಟಿ ಬಸ್ಸಿನ ಚಾಲಕರು. ಸಿಗರೇಟು ಬಿಟ್ಟು ಹನ್ನೊಂದು ವರ್ಷವಾಯಿತು. "ಬಿಡದೆ ಏನ್ಮಾಡ್ಲಿ? ಪಕ್ಕದಲ್ಲಿ ನಿಂತವನು ಸೇದಿದ್ರೂ ಯಾವ ಬ್ರಾಂಡು ಅಂತ ಹೇಳ್ತಾಳೆ" ಎಂದು ಕೈ ಚೆಲ್ಲುತ್ತಾರೆ. ಕಾಲೇಜಿಗೆ ಹೋಗುವ ಮಗಳು ಸೆಂಟು ಹಾಕಿಕೊಳ್ಳುವುದು ಬಸ್‌ಸ್ಟಾಪಿನಲ್ಲಿ. ಸಂಜೆ ಹೊಸ್ತಿಲು ದಾಟುವ ಮೊದಲೇ ಸಿಕ್ಕಿಬೀಳುತ್ತಾಳೆ.

ಅಕ್ಕನಿಗೆ ಲೋಕದಲ್ಲಿ ಒಂದೇ ಒಂದು ಶತ್ರು, ಅದು ನೆಗಡಿ. ಮೂಗು ಕಟ್ಟಿದ ದಿನ ಅವರನ್ನು ಬಟನ್ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಎರಡು ತೂತಿನ ಬಟನ್ನು ಒಂದು ಡಬ್ಬಿಗೆ, ನಾಲ್ಕು ತೂತಿನದು ಇನ್ನೊಂದು ಡಬ್ಬಿಗೆ. "ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಎದುರಿಗಿರೋರ ಮುಖದಲ್ಲೂ ತೂತು ಎಣಿಸೋಕೆ ಶುರು ಮಾಡ್ತೀವಿ" ಎನ್ನುವ ಅಕ್ಕ ವರ್ಷಕ್ಕೆ ನಾಲ್ಕೈದು ದಿನ ಈ ವನವಾಸ ಅನುಭವಿಸಿ ಬರುತ್ತಾರೆ.

ಮೂಗು ಹದಗೊಂಡದ್ದು ವಿಗ್ ಕಟ್ಟುವ ಅಂಗಡಿಯಲ್ಲಿ. ಹದಿನೆಂಟಕ್ಕೆ ಸೇರಿ ಹನ್ನೆರಡು ವರ್ಷ ಅಲ್ಲಿ ದುಡಿದರು. ಕೂದಲು ತರುವ ದಲ್ಲಾಳಿಗಳು ನೈಲಾನ್ ಬೆರೆಸದೆ ಬಿಡುತ್ತಿರಲಿಲ್ಲ, ಹಾಗಾಗಿ ಪ್ರತಿ ಕಂತೆಯಿಂದಲೂ ಒಂದು ಎಳೆ ಸುಟ್ಟು ನೋಡುವುದು ಅಲ್ಲಿಯ ಪದ್ಧತಿ. ಸುಟ್ಟು ನೋಡಿದ ಮೇಲೆ ಕಟ್ಟುವ ಕೆಲಸ. ಬಲೆಯಂಥ ತೆಳು ಬಟ್ಟೆಗೆ ಒಂದೊಂದೇ ಕೂದಲನ್ನು ಸಣ್ಣ ಕೊಕ್ಕೆಯಿಂದ ಎಳೆದು ಗಂಟು ಹಾಕಬೇಕು. ಒಂದು ತಲೆಗೆ ಎರಡು ವಾರ ಹಿಡಿಯುತ್ತಿತ್ತು. ಅಕ್ಕ ಎಡಚರಾದ್ದರಿಂದ ಅವರ ಗಂಟು ಉಳಿದವರದಕ್ಕಿಂತ ಉಲ್ಟಾ ತಿರುಗುತ್ತಿತ್ತು. ಇದಕ್ಕಾಗಿ ಬೈಸಿಕೊಂಡದ್ದು ಎಷ್ಟೋ, ಆದರೆ ಅವರ ಗಂಟು ಬಿಚ್ಚಿಕೊಂಡಿತೆಂದು ಒಬ್ಬ ಗಿರಾಕಿಯೂ ವಾಪಸು ಬರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಮೂಗು ಹೊತ್ತುಕೊಂಡು ಈ ಕಾರ್ಖಾನೆಗೆ ಬಂದರು.

ಇಂಥ ಕೆಲಸ ಮಾಡುವವರು ಪ್ರಾಣಿಗಳನ್ನು ಕಂಡರೆ ಕರಗಿ ನೀರಾಗುತ್ತಾರೆ ಎಂದುಕೊಂಡರೆ ತಪ್ಪು. ಬೀದಿಯ ಕೊನೆಯಲ್ಲಿ ನಾಯಿ ಮಲಗಿದ್ದರೆ ಅಕ್ಕ ಮೂರು ಬೀದಿ ಸುತ್ತಿ ಬರುತ್ತಾರೆ. ಕಾರ್ಖಾನೆಯ ಬೆಕ್ಕಿಗೂ ಅವರಿಗೂ ಮಾತುಕತೆಯಿಲ್ಲ. "ನಾಯಿ ಕಂಡ್ರೆ ನಂಗಾಗಲ್ಲ, ನನ್ನ ಕಂಡ್ರೆ ನಾಯಿಗಾಗಲ್ಲ. ಆದ್ರೆ ಆಗದೋರ ಮೈಮೇಲಿರೋದನ್ನ ಸುಲಿದು ನಾನು ಹಾಕ್ಕೊಂಡು ಓಡಾಡ್ಲಾ? ನಮ್ಮ ನಾದಿನಿನೂ ನಂಗಾಗಲ್ಲ. ಹಾಗಂತ?" ಎಂದು ಕೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಆ ಮುಂಗುರುಳಿನ ಪ್ರಕರಣವನ್ನೂ ಹೇಳಬೇಕು. ಒಂಬತ್ತು ವರ್ಷದಲ್ಲಿ ಅಕ್ಕ ಮಾಡಿದ ತಪ್ಪು ಅದೊಂದೇ. ಆರು ವಾರದ ಹಿಂದೆ ಮುನ್ನೂರು ಕಾಲರುಗಳ ಕಂತೆ ಬಂದಿತ್ತು. ಅಕ್ಕ ಎಳೆ ಸುಟ್ಟರು, ಮೂಸಿದರು, "ಕೂದಲು" ಎಂದು ತೀರ್ಪು ಕೊಟ್ಟರು. ಕಂತೆ ನಾಲ್ಕು ದಿನ ಮೂಲೆಯಲ್ಲಿ ಕೂತಿತು, ಫೋನುಗಳು ಹಾರಾಡಿದವು, ಕಳಿಸಿದವರು ಕಣ್ಣೀರು ಹಾಕಿ ಆಣೆಪ್ರಮಾಣ ಮಾಡಿದರು. ಕನ್ನಡಿಯಿಲ್ಲದೆಯೇ ತಲೆ ಬಾಚುವ ಅಕ್ಕನಿಗೆ ಐದನೆಯ ದಿನ ಅಪರೂಪಕ್ಕೆ ಕನ್ನಡಿ ಹಿಡಿದಾಗ ಎಡಗಡೆಯ ಮುಂಗುರುಳು ಅರ್ಧಕ್ಕರ್ಧ ಇಲ್ಲದ್ದು ಕಂಡಿತು. ತಲೆವಸ್ತ್ರದಿಂದ ನುಸುಳಿ ಬಂದು ಉರಿಗೆ ಸಿಕ್ಕಿ ಸುಟ್ಟುಹೋದದ್ದು ಅವರದೇ ಕೂದಲು. "ನಾನೇ ಹೋಗಿ ಮ್ಯಾನೇಜರ್ ಸಾಹೇಬ್ರಿಗೆ ಹೇಳಿದೆ. ನನ್ನನ್ನೇ ನಾನು ಮೂಸಿದ್ದೆ ಸಾರ್ ಅಂದೆ. ಅವರು ನನ್ನ ಮುಂಗುರುಳು ನೋಡಿ ಪೆನ್ನು ಹುಡುಕಿದ್ರು."

ಪೆನ್ನು ಸಿಕ್ಕಿತು, ಮ್ಯಾನೇಜರು ಬರೆದರು. ಅಂದೇ ಗೋಡೆಗೆ ಮೂರು ನಿಯಮಗಳ ಹಾಳೆ ಅಂಟಿತು. ಒಂದು: ಪರೀಕ್ಷೆ ಮಾಡುವವರು ಪ್ಲಾಸ್ಟಿಕ್ ಟೋಪಿ ಧರಿಸತಕ್ಕದ್ದು. ಎರಡು: ಸರಕು ತಿರಸ್ಕಾರವಾದಲ್ಲಿ ಎರಡನೆಯ ಪರೀಕ್ಷೆಯನ್ನು ತಲೆಯಲ್ಲಿ ಕೂದಲೇ ಇಲ್ಲದವರು ಮಾಡತಕ್ಕದ್ದು. ಮೂರು: ಎರಡೂ ಮೂಗು ಒಪ್ಪುವ ತನಕ ಸರಕಿಗೆ ಕತ್ತರಿ ಹಾಕಿ ಬಿಚ್ಚಿ ನೋಡಕೂಡದು, ಒಪ್ಪದಿದ್ದಲ್ಲಿ ಕಳಿಸಿದವರ ಪ್ರಮಾಣಪತ್ರವೇ ಅಂತಿಮ. ಬಾಯಿಮಾತಿನಲ್ಲಿ ನಾಲ್ಕನೆಯ ನಿಯಮವೂ ಇತ್ತು. ಇನ್ನೊಮ್ಮೆ ತಪ್ಪಿದರೆ ಅಕ್ಕನಿಗೆ ಬಟನ್ ವಿಭಾಗವೇ ಗತಿ, ಅದೂ ಖಾಯಂ ಆಗಿ.

ಎರಡನೆಯ ನಿಯಮ ಬರೆಯುವಾಗ ಮ್ಯಾನೇಜರ ಕಣ್ಣಮುಂದೆ ಇದ್ದದ್ದು ಇಸ್ತ್ರಿ ತಾತ. ಅವರ ತಲೆ ಅವರ ಇಸ್ತ್ರಿಪೆಟ್ಟಿಗೆಯ ತಳದಷ್ಟೇ ನುಣುಪು. ನಲವತ್ತು ವರ್ಷ ನಶ್ಯ ಏರಿಸಿದ ತಾತನ ಮೂಗಿಗೆ ಪಕ್ಕದಲ್ಲಿ ಗೋದಾಮೇ ಉರಿದರೂ ಗೊತ್ತಾಗುವುದಿಲ್ಲ ಎನ್ನುವುದು ಬೇರೆ ಮಾತು. "ಅಕ್ಕ ಏನು ಹೇಳ್ತಾಳೋ ಅದೇ ನಂಗೆ ಬರೋ ವಾಸನೆ" ಎಂಬ ನಿಲುವಿನಿಂದ ಅವರು ಆರು ವಾರ ಯಾರಿಗೂ ತೊಂದರೆಯಾಗದಂತೆ ನಿಭಾಯಿಸಿದ್ದಾರೆ.

ಈಗ ಮತ್ತೆ ಕಿಟಕಿಯ ಕೆಳಗೆ ಬರೋಣ. ನಿನ್ನೆ ಸಂಜೆ ಬಂದಿಳಿದ ಹನ್ನೆರಡು ಪೆಟ್ಟಿಗೆಗಳು ಅಕ್ಕನ ಮುಂದಿವೆ. ಒಳಗೆ ಆರುನೂರು ಟೋಪಿ, ಪ್ರತಿಯೊಂದರ ಅಂಚಿಗೂ ಬೂದುಬಣ್ಣದ ಮೆತ್ತನೆಯ ತುಪ್ಪಳ. ಮೇಲೆ 'ನೂರಕ್ಕೆ ನೂರು ನಕಲಿ' ಎಂಬ ಪ್ರಮಾಣಪತ್ರ, ಅದಕ್ಕೆ ಎರಡು ಮೊಹರು. ಹತ್ತು ಗಂಟೆಗೆ ಲಾರಿ ಬರುತ್ತದೆ. ಅಷ್ಟರೊಳಗೆ ಲೇಬಲ್ ಹೊಲಿದು ಕಳಿಸಬೇಕು. ಈ ಟೋಪಿಗಳ ಜೋಡಿ ಕೋಟುಗಳು ಆಗಲೇ ಅವನ್ನು ಮಾರುವ ದೊಡ್ಡ ಅಂಗಡಿಯನ್ನು ಸೇರಿವೆ.

ಈ ಪೆಟ್ಟಿಗೆಗಳ ಮೊದಲ ಎಳೆ ಸುಟ್ಟ ಅಕ್ಕ ಪಾಸಾಯಿತೆಂಬ ಗೀಟು ಹಾಕುವುದಿಲ್ಲ. ಮೊದಲು ಕೈ ತಲೆಗೆ ಹೋಗುತ್ತದೆ. ಟೋಪಿ ಭದ್ರವಾಗಿದೆ. ಚೀಲದಿಂದ ಕನ್ನಡಿ ತೆಗೆದು ಮುಂಗುರುಳು, ಹುಬ್ಬು, ಕೊನೆಗೆ ರೆಪ್ಪೆಯನ್ನೂ ನೋಡಿಕೊಳ್ಳುತ್ತಾರೆ. ಎಲ್ಲ ಸ್ವಸ್ಥಾನದಲ್ಲಿವೆ. ಬೆಕ್ಕು ಎಲ್ಲಿದೆ ಎಂದು ಹುಡುಕುತ್ತಾರೆ, ಅದು ಅಂಗಳದಾಚೆ ಗೋಡೆಯ ಮೇಲಿದೆ. ಎರಡನೆಯ ಪೆಟ್ಟಿಗೆ, ಮೂರನೆಯ ಪೆಟ್ಟಿಗೆ. ಹನ್ನೆರಡು ಪೆಟ್ಟಿಗೆಗೂ ಒಂದೇ ವಾಸನೆ, ಕೂದಲಿನದು. ಪ್ಲಾಸ್ಟಿಕ್ ಸುಟ್ಟರೆ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಇಲ್ಲಿ ಮಣಿಯಿಲ್ಲ, ಮುಟ್ಟಿದರೆ ಬೂದಿ. ಅಕ್ಕ ಬೀಗದ ಕೈಯನ್ನು ಸೊಂಟದೊಳಕ್ಕೆ ಇನ್ನಷ್ಟು ಸಿಕ್ಕಿಸಿಕೊಳ್ಳುತ್ತಾರೆ.

ಎಂಟಕ್ಕೆ ಮ್ಯಾನೇಜರು ಬರುತ್ತಾರೆ. ಐವತ್ತರ ಹತ್ತಿರದವರು, ಇಸ್ತ್ರಿ ಮುರಿಯದ ಅಂಗಿ, ಗಾಳಿಗೂ ಅಲ್ಲಾಡದ ಕಪ್ಪು ಕ್ರಾಪು. ಅಕ್ಕನ ಮುಖ ನೋಡಿಯೇ ಅವರ ಮುಖ ಇಳಿದುಹೋಗುತ್ತದೆ.

"ಮತ್ತೆ ನಿಮ್ಮ ಕೂದಲೇನಾ?"

"ಇಲ್ಲ ಸಾರ್. ಎಣಿಸಿ ನೋಡ್ಕೊಳ್ಳಿ ಬೇಕಾದ್ರೆ."

"ಪ್ರಮಾಣಪತ್ರ ಇದೆ, ಎರಡು ಮೊಹರಿದೆ."

"ಮೊಹರು ಮೂಸಿ ನೋಡ್ಲಿಲ್ಲ ಸಾರ್, ತುಪ್ಪಳ ಮೂಸಿದೆ."

ಇಸ್ತ್ರಿ ತಾತನನ್ನು ಕರೆಯಿರಿ ಎಂದು ಅಪ್ಪಣೆಯಾಗುತ್ತದೆ. ಇಸ್ತ್ರಿ ಮೇಜು ತಣ್ಣಗೆ ಬಿದ್ದಿದೆ. ಮಗಳಿಗೆ ಹೆರಿಗೆಯಾಗಿ ತಾತ ಮೊಮ್ಮಗನನ್ನು ನೋಡಲು ಹೋಗಿದ್ದಾರೆ, ಬರುವುದು ನಾಡಿದ್ದು. ಆಗ ಶುರುವಾಗುತ್ತದೆ ಬೋಳುತಲೆಯ ಬೇಟೆ. ಹೊಲಿಗೆಯ ನಲವತ್ತು ಜನರೂ ಹೆಂಗಸರು, ಒಬ್ಬೊಬ್ಬರ ಜಡೆಯೂ ಮೊಳದುದ್ದ. ಪ್ಯಾಕಿಂಗ್ ಮಾಡುವಾತನ ಹಣೆ ಸ್ವಲ್ಪ ಅಗಲವಾಗಿದೆ ಎಂದು ಯಾರೋ ನೆನಪಿಸುತ್ತಾರೆ. ಉಳಿದದ್ದನ್ನೂ ಬೋಳಿಸಿದರೆ ಹೇಗೆ ಎಂಬ ಪ್ರಸ್ತಾಪ ಬಂದಕೂಡಲೇ ಆತ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ. "ಮುಂದಿನ ತಿಂಗಳು ಮದುವೆ ಇದೆ ನಂದು!" ಎಂಬ ಕೂಗು ಒಳಗಿನಿಂದ ಕೇಳುತ್ತದೆ. ಒಂಬತ್ತೂವರೆಗೇ ಬಂದುಬಿಟ್ಟ ಲಾರಿಯ ಚಾಲಕ ಟೋಪಿ ಹಾಕಿದ್ದಾನೆ. ಎಲ್ಲರ ಕಣ್ಣಿನಲ್ಲೂ ಆಸೆ. ಟೋಪಿ ತೆಗೆಸಿ ನೋಡಿದರೆ ಒಳಗೆ ಗುಂಗುರು ಕೂದಲಿನ ಕಾಡು.

ಇಷ್ಟರ ನಡುವೆ ಅಕ್ಕ ಒಮ್ಮೆ ಮ್ಯಾನೇಜರ ತಲೆಯ ಕಡೆ ನೋಡಿ ತಟ್ಟನೆ ಕಣ್ಣು ಬೇರೆಡೆಗೆ ಸರಿಸುತ್ತಾರೆ. ಮ್ಯಾನೇಜರ ಆ ಅಲ್ಲಾಡದ ಕ್ರಾಪು ವಿಗ್ಗು. ಆರು ವರ್ಷದ ಹಿಂದೆ ಅವರು ಕೆಲಸಕ್ಕೆ ಬಂದ ಮೊದಲನೆಯ ದಿನವೇ ಅಕ್ಕನಿಗೆ ಇದು ಗೊತ್ತಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಸುಳಿವಿಲ್ಲ. ಬಾಯಿ ಬಿಟ್ಟರೆ ಒಂದೇ ಮಾತಿನಲ್ಲಿ ಎರಡನೆಯ ಮೂಗು ಸಿಗುತ್ತದೆ, ಬಟನ್ ವಿಭಾಗದ ಭಯವೂ ತಪ್ಪುತ್ತದೆ. ಅಕ್ಕ ಬಾಯಿ ಬಿಡುವುದಿಲ್ಲ.

ಕಣ್ಣು ಸರಿಸಿದ್ದನ್ನು ಮ್ಯಾನೇಜರು ನೋಡಿಬಿಡುತ್ತಾರೆ. ಅಕ್ಕನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚುತ್ತಾರೆ.

"ನಿಮಗೆ ಗೊತ್ತಾ?"

"ಏನ್ ಸಾರ್?"

"ಅದೇ."

"ನಂಗೆ ಪೆಟ್ಟಿಗೆಯೊಳಗಿನ ಟೋಪಿ ವಿಷಯ ಒಂದೇ ಗೊತ್ತಿರೋದು ಸಾರ್. ಬೇರೆಯೋರ ತಲೆ ನಂಗ್ಯಾಕೆ?"

ಹೊರಗೆ ಲಾರಿಯ ಹಾರನ್ನು ಬಡಿದುಕೊಳ್ಳುತ್ತಿದೆ. ಮ್ಯಾನೇಜರು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಾರೆ, ಬಹಳ ಎಚ್ಚರಿಕೆಯಿಂದ, ಅಂಚು ತಗಲದ ಹಾಗೆ. ಎರಡನೆಯ ಮೂಗಿಲ್ಲದಿದ್ದರೆ ನಿಯಮದ ಪ್ರಕಾರ ಪ್ರಮಾಣಪತ್ರವೇ ಅಂತಿಮ, ಸರಕು ಹೋಗಲೇಬೇಕು, ತಾನೇನೂ ಮಾಡುವಂತಿಲ್ಲ, ಬೀಗದ ಕೈ ಕೊಡಿ ಎನ್ನುತ್ತಾರೆ. ಅಕ್ಕ ಸೊಂಟದಿಂದ ಬೀಗದ ಕೈ ತೆಗೆಯುತ್ತಾರೆ.

"ಬಟನ್ ವಿಭಾಗಕ್ಕೆ ಬೇಕಾದ್ರೆ ಇವತ್ತೇ ಹೋಗ್ತೀನಿ ಸಾರ್, ತಲೆ ಮೇಲಿನ ಈ ಪ್ಲಾಸ್ಟಿಕ್ ಟೋಪೀನೂ ಕೊಟ್ಟು ಹೋಗ್ತೀನಿ. ಆದ್ರೆ ಆ ಲೇಬಲ್ ಹೊಲೀಬೇಡಿ. ಕೊಂಡ್ಕೊಳ್ಳೋಳು ನಮ್ಮನ್ನ ನಂಬಿ ತಗೊಳ್ತಾಳೆ. ಆ ಪ್ರಾಣೀನೂ ಯಾರನ್ನೋ ನಂಬಿಯೇ ಮೇವು ತಿಂದಿರುತ್ತೆ. ಇಬ್ಬರಿಗೂ ಮೋಸ ಮಾಡಿ ಮಧ್ಯಾಹ್ನ ಊಟ ಹೇಗೆ ಮಾಡೋದು ಸಾರ್?"

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅಕ್ಕ ಹೊರಗೆ ಬರುತ್ತಾರೆ. ಬಂದು ತಮ್ಮ ಕುರ್ಚಿಯ ಪಕ್ಕ ನಿಲ್ಲುತ್ತಾರೆ, ಕೂರುವ ಧೈರ್ಯವಾಗುವುದಿಲ್ಲ. ಕೋಣೆಯ ಬಾಗಿಲು ಐದು ನಿಮಿಷ ಮುಚ್ಚಿಯೇ ಇರುತ್ತದೆ.

ಬಾಗಿಲು ತೆರೆದಾಗ ನಲವತ್ತು ಯಂತ್ರಗಳು ಒಂದೇ ಸಲಕ್ಕೆ ನಿಲ್ಲುತ್ತವೆ. ಮ್ಯಾನೇಜರ ಅಂಗಿ ಅದೇ, ನಡಿಗೆ ಅದೇ, ಮುಖವೂ ಅದೇ, ಆದರೆ ಹಣೆ ಮಾತ್ರ ಹುಬ್ಬಿನಿಂದ ಹೊರಟು ಹಿಂಬದಿಯ ಕಾಲರಿನವರೆಗೆ ನಿಲ್ಲದೆ ಹೋಗಿದೆ. ಕಿಟಕಿಯ ಬೆಳಕು ನೇರವಾಗಿ ಅದರ ಮೇಲೆ ಬಿದ್ದು ಗೋಡೆಯ ಮೇಲೊಂದು ಹೊಳಪು ಓಡಾಡುತ್ತದೆ. ಯಾರೋ ಒಬ್ಬಳು ಕಿಸಕ್ಕೆಂದು ಸೆರಗು ಬಾಯಿಗೆ ತುರುಕಿಕೊಳ್ಳುತ್ತಾಳೆ. ಅಕ್ಕ ಅವಳ ಕಡೆ ಒಂದು ನೋಟ ಬೀರುತ್ತಾರೆ, ಅಷ್ಟಕ್ಕೇ ಕಿಸಕ್ಕು ನಿಲ್ಲುತ್ತದೆ.

"ನಿಯಮ ಎರಡು" ಎಂದು ಮ್ಯಾನೇಜರು ಗೋಡೆಯ ಹಾಳೆಯ ಕಡೆ ಕೈ ತೋರಿಸಿ ಅಕ್ಕನ ಕುರ್ಚಿಯಲ್ಲಿ ಕೂರುತ್ತಾರೆ. ಗೀರುವ ರಭಸಕ್ಕೆ ಮೂರು ಕಡ್ಡಿ ಮುರಿಯುತ್ತವೆ. ನಾಲ್ಕನೆಯದನ್ನು ಅಕ್ಕನೇ ಗೀರಿ ಕೊಟ್ಟು ದೂರ ಸರಿದು ನಿಲ್ಲುತ್ತಾರೆ. ಚುರ್. ಮ್ಯಾನೇಜರು ಮೂಸುತ್ತಾರೆ. ಮುಖ ಕಿವುಚುತ್ತಾರೆ. ಇನ್ನೊಂದು ಪೆಟ್ಟಿಗೆಯ ಎಳೆ, ಇನ್ನೊಮ್ಮೆ. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ:

"ಕೂದಲು. ನನ್ನದಲ್ಲ."

ನಗು ಯಾರಿಂದ ಶುರುವಾಯಿತೋ ಗೊತ್ತಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಹರಡಿ ಕೊನೆಗೆ ಮ್ಯಾನೇಜರ ಬಾಯಿಗೂ ಬಂದುಬಿಡುತ್ತದೆ. ಎರಡೂ ಮೂಗು ಒಪ್ಪಿಯಾಯಿತು, ಇನ್ನು ಕತ್ತರಿ ಹಾಕಬಹುದು. ಅಕ್ಕ ಒಂದು ಟೋಪಿಯ ಹೊಲಿಗೆ ಬಿಚ್ಚಿ ಅಂಚನ್ನು ಮಗುಚುತ್ತಾರೆ. ತುಪ್ಪಳದ ಹಿಂದೆ ಬಟ್ಟೆಯಿಲ್ಲ, ತೆಳ್ಳಗಿನ ಒಣ ಚರ್ಮ. ಅಂಗೈಯಗಲದ ಏಳು ಚೂರುಗಳನ್ನು ಸೇರಿಸಿ ಹೊಲಿದಿದ್ದಾರೆ. ಹೊಲಿಗೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ಮುಟ್ಟದೆ ಹಿಂದೆ ಹೋಗುತ್ತಾರೆ. ಒಂದು ಟೋಪಿಗೆ ಏಳಾದರೆ ಆರುನೂರಕ್ಕೆ ಎಷ್ಟು ಎಂದು ಗುಣಿಸುವ ಮನಸ್ಸು ಅಲ್ಲಿ ಯಾರಿಗೂ ಇಲ್ಲ. ನಾಯಿಯೆಂದರೆ ಮೂರು ಬೀದಿ ಸುತ್ತುವ ಕಡ್ಡಿಯಕ್ಕ ಆ ಚೂರನ್ನು ಬೆರಳಿನಿಂದ ಒಮ್ಮೆ ಸವರಿ, ಕಾಗದದಲ್ಲಿ ಸುತ್ತಿ ಇಡುತ್ತಾರೆ. ಕಣ್ಣು ಒದ್ದೆಯಾದದ್ದಕ್ಕೆ ಹೊಗೆಯ ಕಾರಣ ಕೊಡುತ್ತಾರೆ. ಒಂದೆರಡು ಎಳೆಯಿಂದ ಅಷ್ಟು ಹೊಗೆ ಬರುವುದಿಲ್ಲ.

ಲಾರಿ ಖಾಲಿ ಹೋಗುತ್ತದೆ. ದೊಡ್ಡ ಅಂಗಡಿಯವರ ಜೊತೆ ಮ್ಯಾನೇಜರು ಒಂದು ಗಂಟೆ ಫೋನಿನಲ್ಲಿ ಕಾದಾಡಿ, ಟೋಪಿಯಿಲ್ಲದ ಕೋಟು ಸಾಕು ಎಂದು ಒಪ್ಪಿಸುತ್ತಾರೆ. ಹನ್ನೆರಡು ಪೆಟ್ಟಿಗೆಗಳು ಎರಡು ಮೊಹರಿನ ಸಮೇತ ಬಂದ ದಾರಿ ಹಿಡಿಯುತ್ತವೆ. ಮಧ್ಯಾಹ್ನದ ಊಟದ ಗಂಟೆ ಬಾರಿಸಿದಾಗ ಪಾಯಿಖಾನೆಯ ಚಿಲಕ ತೆರೆದು ಪ್ಯಾಕಿಂಗ್‌ನವನು ಇಣುಕುತ್ತಾನೆ. ಎದುರಿಗೆ ಬಂದ ಮ್ಯಾನೇಜರ ತಲೆ ನೋಡಿ, ತನ್ನ ಬದಲಿಗೆ ಅವರನ್ನು ಬೋಳಿಸಿಬಿಟ್ಟರೆಂದು ತಿಳಿದು ಮತ್ತೆ ಚಿಲಕ ಹಾಕಿಕೊಳ್ಳುತ್ತಾನೆ.

ಸಂಜೆ ಬೀಗದ ಕೈ ಮತ್ತೆ ಅಕ್ಕನ ಸೊಂಟಕ್ಕೆ ಬಂದಿದೆ. ಗೋಡೆಯ ಹಾಳೆಯಲ್ಲಿ ಎರಡನೆಯ ನಿಯಮದ ಪಕ್ಕ ಮ್ಯಾನೇಜರು ಸ್ವತಃ ತಮ್ಮ ಹುದ್ದೆಯನ್ನು ಬರೆದು ಸಹಿ ಮಾಡಿದ್ದಾರೆ. "ಇಲ್ಲಿಗೆ ಬಂದು ಆರು ವರ್ಷ ತಲೆಯ ಮೇಲೊಂದು ಸುಳ್ಳು ಇಟ್ಕೊಂಡು ಇನ್ನೊಬ್ಬರ ಲೇಬಲ್ ಸತ್ಯ ಇದೆಯಾ ಅಂತ ನೋಡ್ತಿದ್ದೆ. ಈಗ ಗಾಳಿ ಆಡ್ತಿದೆ" ಎನ್ನುತ್ತಾರೆ ಅವರು. ಇದನ್ನು ಪೇಪರಿನಲ್ಲಿ ಬರೆಯಬಹುದೇ ಎಂದು ಕೇಳಿದ್ದಕ್ಕೆ, ಫೋಟೋ ಮಾತ್ರ ಕಿಟಕಿಯ ಬೆಳಕಿಲ್ಲದ ಕಡೆ ತೆಗೆಯಬೇಕು ಎಂಬ ಷರತ್ತು ಹಾಕುತ್ತಾರೆ.

ಅಕ್ಕನಿಗೆ ಏನಾದರೂ ಆಸೆ ಇದೆಯೇ? ಪೇಪರಿನವರ ಪದ್ಧತಿಯ ಪ್ರಶ್ನೆ ಇದು. ಒಂದು ಒಳ್ಳೆಯ ಕುರ್ಚಿ, ಸಂಬಳದಲ್ಲಿ ಏರಿಕೆ, ಗೋಡೆಯ ಮೇಲೊಂದು ಫೋಟೋ? ಅಕ್ಕ ಪ್ಲಾಸ್ಟಿಕ್ ಟೋಪಿ ಕಳಚಿ ಬೆವರು ಒದರಿ, ಮ್ಯಾನೇಜರ ಕೋಣೆಯ ಕಡೆ ನೋಡುತ್ತಾರೆ. ಅಲ್ಲಿ ಕ್ಯಾಲೆಂಡರಿನ ಮೊಳೆಗೆ ಆ ಕಪ್ಪು ಕ್ರಾಪು ನೇತಾಡುತ್ತಿದೆ.

"ಅದನ್ನ ಮೊಳೆಗೆ ಹಾಕ್ಬೇಡಿ ಅಂತ ಸಾಹೇಬ್ರಿಗೆ ನೀವಾದ್ರೂ ಹೇಳಿ. ಆಕಾರ ಹೋಗುತ್ತೆ. ಬೋರಲು ಹಾಕಿದ ಚೊಂಬಿನ ಮೇಲೆ ಕೂರಿಸ್ಬೇಕು. ಆ ಕೂದಲು ಕೊಟ್ಟೋಳು ತಾನಾಗೇ ಬಂದು ನಮ್ಮ ವಿಗ್ ಅಂಗಡಿ ಕನ್ನಡಿ ಮುಂದೆ ಕೂತು, ಇನ್ನೂ ಸ್ವಲ್ಪ ಗಿಡ್ಡ ಮಾಡಿ ಅಂತ ನಗ್ತಾ ನಗ್ತಾ ಕೊಟ್ಟದ್ದು. ಅವಳನ್ನ ಕೇಳಿಯೇ ಕತ್ತರಿ ಹಾಕಿದ್ವಿ." ಎಡಗೈ ಬೆರಳುಗಳು ಗಾಳಿಯಲ್ಲಿ ತಾವಾಗಿಯೇ ಒಂದು ಉಲ್ಟಾ ಗಂಟು ಹಾಕುತ್ತವೆ. "ಹೋಗಿ ಬೇಕಾದ್ರೆ ಒಳಮೈ ತಿರುಗಿಸಿ ನೋಡಿ. ಇಷ್ಟು ವರ್ಷ ಆಯ್ತು, ಒಂದು ಗಂಟೂ ಬಿಚ್ಚಿಲ್ಲ."